ಮಲಕವ್ವನ ನಿಂಬೆಕುಣಿ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಹೊಳೆದಂಡೆಯ ಒಂದು ಊರಿನಲ್ಲಿ ಮಲಕವ್ವ ಎಂಬ ಹೆಂಗಸಿದ್ದಳಂತೆ. ಅವಳಿಗಿದ್ದದ್ದು ಹನ್ನೆರಡು ನಿಂಬೆಗಿಡ. ಹನ್ನೆರಡೇ, ಹೆಚ್ಚಿಲ್ಲ. ಗಂಡ ತೀರಿಹೋಗಿದ್ದ, ಹೊಟ್ಟೆಗೆ ಆ ಗಿಡಗಳೇ ಆಧಾರ.

ಆ ಊರಲ್ಲಿ ಒಂದು ಕಟ್ಟಳೆ ಇತ್ತು. ತಾನಾಗಿ ಉದುರಿದ ಹಣ್ಣು ಭೂಮಿತಾಯಿಯ ಪಾಲು, ಅದನ್ನು ಮುಟ್ಟಬಾರದು. ಮುಟ್ಟಬಾರದು ಎಂದರೆ ಹೆಕ್ಕಬಾರದು, ಗುಡಿಸಲೂಬಾರದು, ಬಿದ್ದಲ್ಲೇ ಬಿಡಬೇಕು.

ಒಂದು ವರ್ಷ ಹಿಡಿದ ಮಳೆ ಬಿಡಲೇ ಇಲ್ಲವಂತೆ. ಹಣ್ಣಿನ ಮೇಲೆ ಕಂದು ಕಲೆ ಎದ್ದಿತು, ಕಲೆಯ ಮೇಲೆ ಬಿಳಿ ಬೂಷ್ಟು ಬಂತು, ಊರೆಲ್ಲ ಕೊಳೆತ ವಾಸನೆ. ಮಲಕವ್ವ ದಿನವೂ ನೋಡಿದಳಂತೆ. ಮೊದಲು ಕೊಳೆಯುವುದು ನೆಲಕ್ಕೆ ಹತ್ತಿರದ ಹಣ್ಣು. ಮಳೆಹನಿ ಬಡಿದು ಕೆಸರು ಎಲ್ಲಿಯವರೆಗೆ ಸಿಡಿಯುತ್ತದೋ ಅಲ್ಲಿಯವರೆಗೆ ಕೊಳೆ. ಅವಳು ಕೆಳಗಿನ ಟೊಂಗೆಗಳನ್ನು ನೆಲದಿಂದ ಮೊಣಕಾಲೆತ್ತರದವರೆಗೆ ಕಡಿದಳು. ಬಿದ್ದ ಹಣ್ಣನ್ನೆಲ್ಲ ಬುಟ್ಟಿಗೆ ಹೆಕ್ಕಿ, ದೂರದಲ್ಲಿ ಆಳವಾದ ಕುಣಿ ತೋಡಿ ಮುಚ್ಚಿದಳು. ಅವಳ ಗಿಡಗಳಲ್ಲಿ ಕೊಳೆ ನಿಂತಿತಂತೆ.

ಆದರೆ ಮೇಲಿನ ತೋಟ ಕಲ್ಲನಗೌಡನದು. ಅಲ್ಲಿಯ ನೀರು ಹರಿದು ಬರುವುದು ಇವಳ ತೋಟಕ್ಕೇ. ಅಲ್ಲಿಯ ಹಣ್ಣನ್ನೂ ಹೆಕ್ಕಲು ಬುಟ್ಟಿ ಹಿಡಿದು ಹೋದಳು. ಗೌಡ ಅಡ್ಡ ನಿಂತ.

"ಏನಬೇ ಮಲಕವ್ವ, ನಿನ್ನ ಪಾಲು ಸಾಲದಂತ ಭೂಮಿತಾಯಿ ಉಣ್ಣೋ ಗಂಗಾಳಕ್ಕೂ ಕೈ ಹಾಕ್ತೀಯೇನು?"

"ಚೊಲೋ ಹಣ್ಣು ನಾವು ಸಂತಿಗೆ ಒಯ್ತೀವ್ರಿ. ಕೊಳೆತದ್ದು ತಾಯಿಗೆ ಬಡಸ್ತೀವಿ. ಹೆತ್ತಾಕಿಗೆ ಹಿಂಗ ಉಣಸ್ತಾರೇನ್ರಿ ಗೌಡ್ರ?"

ಗೌಡ ಬುಟ್ಟಿಯನ್ನು ಒದ್ದನಂತೆ.

ಆ ವಾರವೇ ದೊಡ್ಡ ಮಳೆ ಬಂತು. ಗೌಡನ ತೋಟದ ಕೊಳೆತ ಹಣ್ಣು ನೀರಿನ ಜೊತೆ ತೇಲಿ ಇಳಿದು ಅವಳ ಗಿಡಗಳ ಬುಡ ತುಂಬಿತು. ಅವಳು ಅನ್ನ ಬಿಟ್ಟು ಹೆಕ್ಕಿದಳಂತೆ. ಬಗ್ಗಿದ ಬೆನ್ನು ಮತ್ತೆ ನೆಟ್ಟಗಾಗಲಿಲ್ಲವಂತೆ. ಬುಡವೇ ಕೊಳೆತು ಹನ್ನೆರಡೂ ಗಿಡ ಒಣಗಿದವು. ಮಳೆಗಾಲ ಮುಗಿಯುವ ಮೊದಲೇ ಅವಳೂ ಹೋದಳು. ನೆಟ್ಟಗೆ ಮಲಗಿಸಲಾಗದೆ, ಬಗ್ಗಿದ ಹಾಗೆಯೇ ಮಗ್ಗುಲಾಗಿ ಮಣ್ಣು ಮಾಡಿದರಂತೆ.

ಮುಂದಿನ ವರ್ಷ ಗೌಡನ ತೋಟದಲ್ಲಿ ಕೊಳೆ ಬಿದ್ದು ಒಂದು ಹಣ್ಣೂ ಉಳಿಯಲಿಲ್ಲ. ಅವನೇ ಅವಳ ಬುಟ್ಟಿ ಹುಡುಕಿ ತಂದು, ಅವಳು ಹಣ್ಣು ಮುಚ್ಚಿದ್ದ ಕುಣಿಯ ಪಕ್ಕದಲ್ಲಿ, ಉದುರಿದ ಹಣ್ಣಿಗೆಂದು ಮತ್ತೊಂದು ಕುಣಿ ತೋಡಿದನಂತೆ.

ಈಗಲೂ ಮಳೆ ಬಿಟ್ಟ ಬೆಳಿಗ್ಗೆ ಆ ಊರವರು ಉಣ್ಣುವ ಮೊದಲು ಉದುರಿದ ಹಣ್ಣು ಹೆಕ್ಕುತ್ತಾರೆ. ಸಾಲು ಮುಗಿಯುವವರೆಗೆ ಯಾರೂ ಬೆನ್ನು ನೆಟ್ಟಗೆ ಮಾಡುವುದಿಲ್ಲ. ಕುಣಿ ಮುಚ್ಚಿದ ಮೇಲೆ ಟೊಂಗೆಯಿಂದ ಕಲೆಯಿಲ್ಲದ ಒಂದು ಹಣ್ಣು ಕಿತ್ತು, ಹನ್ನೆರಡು ಗಿಡ ನಿಂತಿದ್ದ ನೆಲದಲ್ಲಿ ಹೂಳುತ್ತಾರೆ. ಆ ನೆಲದಲ್ಲಿ ಇವತ್ತಿಗೂ ಯಾರೂ ಗಿಡ ಹಚ್ಚಿಲ್ಲ.