ಟವೆಲಿನ ಕೆಳಗಿನ ಕೈ

ಶಿಷ್ಯೆ ಚಿನ್ಮಯಿ ಕೇಳಿದಳು: “ಗುರುಗಳೇ, ಡೇಟಾ ಸೈನ್ಸ್ ಎಂ.ಎಸ್‌ಸಿ.ಗೆ ಸೀಟು ಸಿಕ್ಕಿದೆ. ಓದಿದ ನೂರು ಜನರಲ್ಲಿ ತೊಂಬತ್ತಾರು ಜನ ಕೆಲಸದಲ್ಲಿದ್ದಾರೆ ಅಂತ ಅವರ ಪುಸ್ತಿಕೆಯಲ್ಲಿದೆ. ಅಲ್ಲೇ ಓದಿದವರೊಬ್ಬರು ದಿನಕ್ಕೆ ಎರಡು ಸಲ ತಾವಾಗಿಯೇ ಫೋನ್ ಮಾಡಿ ಧೈರ್ಯ ಹೇಳುತ್ತಾರೆ. ಸೇರುವುದಾದರೆ ನಾಳೆಯೇ ಹೈಸ್ಕೂಲಿನ ಗಣಿತದ ಕೆಲಸಕ್ಕೆ ರಾಜೀನಾಮೆ ಕೊಡಬೇಕು. ಕೊಡಲೇ?”

ಗುರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ಒಂದು ಕತೆ ಕೇಳು. ಇದು ನಿಜ. ಸುಳ್ಳಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ.

“ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರು ದಲ್ಲಾಳಿಗಳು ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಅಮುಕಿ ವ್ಯಾಪಾರ ಮುಗಿಸುತ್ತಾರೆ. ನೋಡುವವರಿಗೆ ಕಾಣುವುದು ಟವೆಲು ಮಾತ್ರ. ಅಂಥ ಸಂತೆಯಲ್ಲಿ ಒಬ್ಬ ದಲ್ಲಾಳಿ ಪಾಠಶಾಲೆ ತೆರೆದ. ನನಗೂ ಒಮ್ಮೆ ಕುರುಡು ಎತ್ತು ಕಟ್ಟಿದವನು, ಅದು ಬೇರೆ ಕತೆ. ‘ಎರಡು ವರ್ಷ ಕಲಿಯಿರಿ, ನನ್ನ ಶಿಷ್ಯರ ಕೈಗೆ ಬಿಡುವಿಲ್ಲ’ ಎಂದು ಸಾರಿದ.

“ಒಬ್ಬ ದನಗಾಹಿ ಬಂದ. ಸಗಣಿ ನೋಡಿಯೇ ದನದ ರೋಗ ಹೇಳುವವನು. ಬುದ್ಧಿವಂತ, ಸುಮ್ಮನೆ ನಂಬಲಿಲ್ಲ. ಬೇವಿನ ಮರದ ಕೆಳಗೆ ನಿಂತು ಮೂರು ಸಂತೆ ಎಣಿಸಿದ. ನೂರು ಶಿಷ್ಯರಲ್ಲಿ ತೊಂಬತ್ತಾರು ಜನರ ಕೈ ಟವೆಲಿನ ಕೆಳಗಿತ್ತು. ಲೆಕ್ಕ ಸರಿಯಾಗಿತ್ತು. ಕಾಯುತ್ತಿದ್ದ ಮಂದೆಯನ್ನು ಬೇರೆಯವನಿಗೆ ಬಿಟ್ಟುಕೊಟ್ಟು ಸೇರಿದ.

“ಎರಡು ವರ್ಷ ದನದ ಹಲ್ಲು ಎಣಿಸಿದ, ಮೈಮೇಲಿನ ಸುಳಿ ನೋಡಿದ. ಕೊನೆಯ ದಿನ ದಲ್ಲಾಳಿ ಅವನ ಹೆಗಲಿಗೆ ಅಂಚಿರುವ ಹೊಸ ಟವೆಲು ಹಾಕಿದ. ಸಂತೆಯಲ್ಲಿ ಯಾವ ರೈತನೂ ಅವನನ್ನು ಕರೆಯಲಿಲ್ಲ. ಮಂದೆಗೆ ಮರಳೋಣವೆಂದರೆ ಅಲ್ಲಿ ಬೇರೆಯವನಿದ್ದ. ಹಸಿದು ದಲ್ಲಾಳಿಯ ಬಳಿಗೇ ಹೋದ. ‘ಊಟ ಹಾಕುತ್ತೇನೆ, ಟವೆಲು ಹಿಡಿದು ಸಂತೆಯ ನಡುವೆ ಹೋಗಿ ನಿಲ್ಲು’ ಎಂದ ದಲ್ಲಾಳಿ.

“ನಿಂತ. ಹಿರಿಯ ಶಿಷ್ಯನೊಬ್ಬ ಬಂದು ಟವೆಲಿನ ಕೆಳಗೆ ಅವನ ಕೈ ಹಿಡಿದ.

“‘ಯಾವ ಎತ್ತಣ್ಣ? ಬಣ್ಣ ಯಾವುದು?’ ಎಂದು ದನಗಾಹಿ ಕೇಳಿದ.

“‘ಎತ್ತೂ ಇಲ್ಲ ಗಿತ್ತೂ ಇಲ್ಲ ಕಣಯ್ಯ. ಬೆರಳು ಹಿಡಿ, ತಲೆ ಆಡಿಸು. ಬೇವಿನ ಮರದ ಕಡೆ ತಿರುಗಬೇಡ. ಅಲ್ಲೊಬ್ಬ ಎಣಿಸುತ್ತಿದ್ದಾನೆ.’

“ಎಣಿಸುತ್ತಿದ್ದವನು ಹತ್ತಿರ ಬಂದ. ಅವನ ಕಾಲಿಗೂ ಮಂದೆಯ ಧೂಳು ಮೆತ್ತಿತ್ತು. ‘ಅಣ್ಣಾ, ಈ ವಿದ್ಯೆ ಕಲಿತರೆ ಕೆಲಸ ಸಿಗುತ್ತದೆಯೇ?’ ಎಂದ. ದನಗಾಹಿಗೆ ಆ ಹೊತ್ತಿನ ಊಟ ನೆನಪಾಯಿತು. ‘ಕಾಣುವುದಿಲ್ಲವೇನಪ್ಪ, ಕೈಗೆ ಬಿಡುವೇ ಇಲ್ಲ’ ಎಂದ.”

ಗುರು ಎಲೆ ಬಾಯಿಗೆ ಹಾಕಿಕೊಂಡರು.

ಚಿನ್ಮಯಿ ಸಿಡುಕಿದಳು: “ಅದು ದನದ ಸಂತೆ, ಗುರುಗಳೇ. ನನಗೆ ಫೋನ್ ಮಾಡುವವರು ನಿಜವಾಗಿಯೂ ಓದಿದವರು. ಡೇಟಾ ಅನಲಿಸ್ಟ್.”

“ಕೆಲಸ ಎಲ್ಲಿ?”

“ಅದೇ ಕಾಲೇಜಿನಲ್ಲಿ. ಪ್ರವೇಶ ವಿಭಾಗದಲ್ಲಿ.” ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು.

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಅವರದೇ ಹೆಸರು. ಅವಳು ನೋಡುತ್ತ ಕುಳಿತಳೇ ಹೊರತು ಮುಟ್ಟಲಿಲ್ಲ.

ಗುರು ಹೇಳಿದರು: “ತೆಗೆದುಕೋ ತಾಯಿ, ಎತ್ತಿನ ಬಣ್ಣ ಯಾವುದು ಅಂತ ಕೇಳು, ಪಾಪ, ಅವನೂ ಊಟ ಮಾಡಬೇಕಲ್ಲ.”