ಶಾಲು ಹೊದ್ದ ಬಾಟಲಿ

ಧಾರವಾಡದ ಅಂಚಿನಲ್ಲಿ ಒಬ್ಬ ಗುರು ಇದ್ದರು. ಅವರ ಆಶ್ರಮಕ್ಕೆ ಹೊಳೆ ಇರಲಿಲ್ಲ, ಸೋರುವ ಒಂದು ನಲ್ಲಿ ಇತ್ತು. ಬಾಗಿಲ ಮೇಲಿನ ಫಲಕದಲ್ಲಿ ‘ರಸಾಯನಶಾಸ್ತ್ರ ಸಂಶೋಧನಾಲಯ’ ಎಂದು ಬರೆದಿತ್ತು.

ಗುರುಗಳ ಹೆಸರು ಚನ್ನವೀರ ಗುಡಗೇರಿ. ಮಾತು ಕಡಿಮೆ. ಶಿಷ್ಯರ ಮೇಜಿನ ಹತ್ತಿರ ಬರುವುದು ಇನ್ನೂ ಕಡಿಮೆ.

ಆದರೆ ಅಲ್ಲಿದ್ದ ಎಲ್ಲರಿಗೂ, ಗಾಜಿನ ಸಾಮಾನು ತೊಳೆಯುವ ಮಕ್ತುಂಸಾಬರಿಗೂ ಕೂಡ, ಗುರುಪತ್ನಿ ಹೆಣೆದ ಸ್ವೆಟರ್ ಇತ್ತು. ಧಾರವಾಡದ ಚಳಿಗೆ ಅಷ್ಟು ಸ್ವೆಟರ್ ಬೇಕಿರಲಿಲ್ಲ. ಹಾಗೆಂದು ಅಮ್ಮನವರ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕಸ್ತೂರಿ ಹೊಸಮನಿ ಅಲ್ಲಿಗೆ ಶಿಷ್ಯಳಾಗಿ ಬಂದು ಮೂರು ವರ್ಷವಾಗಿತ್ತು.

ಅವಳ ಹತ್ತಿರ ತಾನೇ ತಯಾರಿಸಿದ ಒಂದು ಬಿಳಿ ಪುಡಿ ಇತ್ತು. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಆರಲು ಬಿಟ್ಟರೆ ಅದರ ಅಣುಗಳು ತಾವಾಗಿಯೇ ಒಂದರ ಪಕ್ಕ ಒಂದು ಬಂದು ಕೂರಬೇಕು. ಹಾಗೆ ಕೂತು ಕೂತು, ಕೂದಲಿಗಿಂತ ಸಾವಿರಾರು ಪಾಲು ತೆಳುವಾದ ಎಳೆಗಳಾಗಬೇಕು. ಎಳೆಗಳೆಲ್ಲ ಬಲೆಯಾಗಿ ನೀರನ್ನು ಹಿಡಿದು ನಿಲ್ಲಿಸಬೇಕು. ಆಗ ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ.

ಅಂಥ ಮೆತ್ತನೆಯ ಜೆಲ್ಲಿನೊಳಗೆ ಔಷಧಿ ಇಟ್ಟು ಸುಟ್ಟ ಗಾಯದ ಮೇಲೆ ಹಚ್ಚಬೇಕು, ಅದು ಸ್ವಲ್ಪ ಸ್ವಲ್ಪವೇ ಔಷಧಿ ಬಿಡುತ್ತಾ ಗಾಯವನ್ನು ತಂಪಾಗಿಡಬೇಕು ಎಂಬುದು ಅವಳ ಆಸೆ.

ಒಂದು ದಿನ ಅವಳು ಆರು ಬಾಟಲಿಗಳನ್ನು ತಂದು ಗುರುಗಳ ಮುಂದಿಟ್ಟಳು.

“ಆರೂ ಹೋದವ್ರಿ, ಸರ್.”

ಗುರುಗಳು ಒಂದನ್ನು ಎತ್ತಿ ಕಿಟಕಿಗೆ ಹಿಡಿದರು. ತಳದಲ್ಲಿ ಬಿಳಿ ಗಸಿ, ಮೇಲೆ ಬರೀ ನೀರು.

“ಪುಡಿ ಉಳದೈತೇನು?”

“ಒಂದ ಬಾಟಲಿಗೆ ಆಗುವಷ್ಟ ಐತ್ರಿ. ಎಂಟ ತಿಂಗಳ ಕುಂತು ಮಾಡಿದ್ದು. ಇದೂ ಹೋದ್ರ ನಾ ಊರಿಗೆ ಹೋಗ್ತೀನ್ರಿ ಸರ್. ಇದು ನನ್ನ ಕೈಲೆ ಆಗೂದಲ್ಲ.”

ಇದು ಬಾಯಿಮಾತಲ್ಲ. ಸಂಶೋಧನೆ ಬಿಡುತ್ತೇನೆಂದು ಬರೆದ ಪತ್ರ ಅವಳ ಚೀಲದಲ್ಲಿತ್ತು.

ಗುರುಗಳು ಸಮಾಧಾನ ಹೇಳಲಿಲ್ಲ.

“ಆರಾಕ ಇಟ್ಟ ಮ್ಯಾಲೆ ಎಷ್ಟ ಸಲ ನೋಡಿದಿ?”

“ತಾಸಿಗೊಮ್ಮೆ ನೋಡೀನ್ರಿ.” ಅಷ್ಟು ದುಃಖದಲ್ಲೂ ಅವಳಿಗೆ ಆ ಮಾತಿನ ಹೆಮ್ಮೆ ಇತ್ತು.

“ಹ್ಯಾಂಗ ನೋಡಿದಿ?”

ಅವಳು ಬಾಟಲಿ ಎತ್ತಿ ತೋರಿಸಿದಳು. ಈ ಕಡೆ ಓರೆ ಮಾಡಿದಳು, ಆ ಕಡೆ ಓರೆ ಮಾಡಿದಳು, ಉಗುರಿನಿಂದ ಎರಡು ಸಲ ಟಕ್ ಟಕ್ ಎನಿಸಿ ಕೆಳಗಿಟ್ಟಳು.

“ಆರೂ ಹಿಂಗ?”

“ಆರೂ ಹಿಂಗ ರೀ. ಒಂದನ್ನೂ ಬಿಟ್ಟಿಲ್ಲ.”

“ಹೌದು. ಒಂದನ್ನೂ ಬಿಟ್ಟಿಲ್ಲ,” ಎಂದರು ಗುರುಗಳು.

ಕಸ್ತೂರಿ ಆರು ಬಾಟಲಿಗಳನ್ನೂ ಮತ್ತೊಮ್ಮೆ ನೋಡಿದಳು. ಕೂರಲು ಬಂದ ಅಣುಗಳನ್ನು ತಾಸಿಗೊಮ್ಮೆ ಎಬ್ಬಿಸಿದ್ದು ತಾನೇ ಎಂದು ಹೊಳೆದು ಅವಳ ಮುಖ ಸಣ್ಣದಾಯಿತು.

ಉಳಿದ ಪುಡಿಯನ್ನು ಅವಳು ತೂಗಿ ಬಿಸಿನೀರಿನಲ್ಲಿ ಕರಗಿಸಿದಳು. ಗುರುಗಳು ಒಂದು ಪಾತ್ರೆ ತುಂಬ ಬಿಸಿನೀರು ತಂದು ಬಾಟಲಿಯನ್ನು ಅದರಲ್ಲಿ ಕುತ್ತಿಗೆವರೆಗೆ ಇಳಿಬಿಟ್ಟರು. ಆಮೇಲೆ ಕಪಾಟು ತೆರೆದು ಒಂದು ಶಾಲು ತೆಗೆದರು. ಹೋದ ವರ್ಷ ಯಾವುದೋ ಸಭೆಯಲ್ಲಿ ಅವರಿಗೆ ಹೊದಿಸಿದ್ದ ಜರಿಯಂಚಿನ ಶಾಲು. ಅದನ್ನು ಪಾತ್ರೆಗೆ ಸುತ್ತತೊಡಗಿದರು.

“ಅಯ್ಯ, ಸರ್! ಅದು ಸನ್ಮಾನದ್ದು!”

“ಅವತ್ತ ನನಗ ಮಾಡಿದ್ರು. ಇವತ್ತ ಇದಕ್ಕ.”

ಗಂಟು ಕಟ್ಟಿ, “ನಿಧಾನಕ್ಕ ಆರಲಿ. ನಾಳೆ ಮುಂಜಾನೆ ಹತ್ತರ ತನಕ ಯಾರೂ ಮುಟ್ಟಬಾರದು,” ಎಂದರು.

“ನೋಡಬೌದೇನ್ರಿ?”

“ಶಾಲ ನೋಡು.”

ಕಸ್ತೂರಿ ಶಾಲು ನೋಡುತ್ತ ಕೂತಳು. ಐದು ನಿಮಿಷ ಆಗಿರಲಿಕ್ಕಿಲ್ಲ, ಅವಳ ಕೈ ಶಾಲಿನ ಅಂಚಿಗೆ ಹೋಯಿತು. ಕೇಳಿದ್ದರೆ, ಮಡಿಕೆ ಸರಿಮಾಡುತ್ತಿದ್ದೆ ಎನ್ನುತ್ತಿದ್ದಳು.

ಗುರುಗಳು ಕೇಳಲಿಲ್ಲ. ಒಳಗೆ ಹೋಗಿ ಒಂದು ಬಟ್ಟೆ ಚೀಲ ತಂದರು. ಅದರಲ್ಲಿ ಅಮ್ಮನವರ ಹೆಣಿಗೆಯ ಹಳದಿ ಉಣ್ಣೆಯ ಲಡಿಗಳಿದ್ದವು, ಇನ್ನೂ ಉಂಡೆಯಾಗದ ನೂಲಿನ ಸುರುಳಿಗಳು.

“ಎರಡೂ ಕೈ ಮುಂದ ಚಾಚು.”

ಅವಳು ಚಾಚಿದಳು. ಅವರು ಒಂದು ಲಡಿಯನ್ನು ಅವಳ ಎರಡು ಕೈಗಳಿಗೆ ತೊಡಿಸಿ, ಎದುರಿಗೆ ಕೂತು, ತುದಿ ಹುಡುಕಿ ಉಂಡೆ ಸುತ್ತತೊಡಗಿದರು. ಈಗ ಅವಳ ಕೈಗಳು ಎಲ್ಲಿಗೂ ಹೋಗುವಂತಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವಳು ಕೇಳಿದಳು.

“ಸರ್, ಅವು ತಾವ ಕೂಡತಾವ ಅಂದ್ರ ನಾವ್ಯಾಕ ಬೇಕ್ರಿ?”

“ಪುಡಿ ಮಾಡಿದವರು ಯಾರು?”

“ನಾನ್ರಿ.”

“ನೀರ ಕಾಸಿದವರು?”

“ನಾನ್ರಿ. ಅದಾದ ಮ್ಯಾಲೆ ಏನ ಮಾಡಬೇಕ್ರಿ?”

“ಎಡಗೈ ಒಂಚೂರ ಮ್ಯಾಲೆ ಹಿಡಿ.”

ಲಡಿ ಅರ್ಧವಾಯಿತು. ಕಸ್ತೂರಿಯ ಹೊಟ್ಟೆಯಲ್ಲಿ ಮೂರು ವರ್ಷದಿಂದ ಇದ್ದ ಮಾತು ಬಾಯಿಗೆ ಬಂತು. ಅವಳು ಅದನ್ನು ನೂಲು ನೋಡುತ್ತಲೇ ಹೇಳಿದಳು.

“ನೀವು ಒಂದ ದಿನಾನೂ ನನ್ನ ಮೇಜಿನ ಹತ್ರ ಬಂದ ನಿಂತಿಲ್ರಿ. ಬ್ಯಾರೆ ಕಡೆ ಗೈಡ್ ಬಾಜೂಕ ಕುಂತು ತಿದ್ದತಾರ, ತಪ್ಪಾದ್ರ ಬೈತಾರ. ನೀವು ಬೈದೂ ಇಲ್ಲ. ನನ್ನ ಕೆಲಸ ನಿಮಗ ಬೇಕಾಗೇ ಇಲ್ಲೇನೋ ಅಂತ ಅನಿಸತೈತ್ರಿ.”

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ. ಕೆನ್ನೆಯನ್ನು ಸ್ವೆಟರಿನ ಹೆಗಲಿಗೆ ಉಜ್ಜಿಕೊಂಡಳು. ಗುರುಗಳು ಅಷ್ಟು ಹೊತ್ತೂ ನೂಲು ಎಳೆಯದೆ ಕಾದರು.

“ಸಿಕ್ಕಾಗೈತಿ ಅಲ್ಲಿ. ನಿಧಾನ,” ಎಂದಷ್ಟೇ ಹೇಳಿದರು.

ಸಂಜೆಯ ಹೊತ್ತಿಗೆ ನಾಲ್ಕು ಉಂಡೆಗಳಾಗಿದ್ದವು. ಹೊರಡುವಾಗ ಗುರುಗಳು ಬೀಗ ಹಾಕಿ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

“ಸರ್, ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?”

“ನಿನ್ನ ಮ್ಯಾಲೆ ಐತವಾ. ನಿನ್ನ ಕೈ ಮ್ಯಾಲೆ ಇಲ್ಲ.”

ಮರುದಿನ ಎಂಟಕ್ಕೇ ಕಸ್ತೂರಿ ಬಾಗಿಲ ಮೆಟ್ಟಿಲ ಮೇಲಿದ್ದಳು. ಮಕ್ತುಂಸಾಬರು ಬಂದು ಪಕ್ಕದಲ್ಲಿ ಕೂತರು.

“ಇವತ್ತ ಆಗಲಿಲ್ಲಂದ್ರ ಹೋಗಿಬಿಡ್ತೀನ್ರಿ ಚಾಚಾ,” ಎಂದಳು. “ಸರ್‌ಗೂ ಏನೂ ಅನಿಸಾಂಗಿಲ್ಲ ಬಿಡ್ರಿ.”

ಮಕ್ತುಂಸಾಬರು ಅವಳನ್ನು ವಿಚಿತ್ರವಾಗಿ ನೋಡಿದರು.

“ಸರ್‌ಗ? ದಿನಾ ಸಂಜೀಕ ನೀವು ಹೋದ ಮ್ಯಾಲೆ ನಿಮ್ಮ ಮೇಜಿನ ಮುಂದ ನಿಂತು ನಿಮ್ಮ ನೋಟ್‌ಬುಕ್ ಓದತಾರಲ್ಲ ಬೇಟಿ. ಎರಡೂ ಕೈ ಹಿಂದ ಕಟಗೊಂಡು. ಹಾಳಿ ತಿರುವಾಕ ನನ್ನ ಕರೀತಾರ.”

“ನಿಮ್ಮನ್ಯಾಕ್ರಿ?”

“ಕೈ ಬಿಟ್ರ ಪೆನ್ ಹಿಡೀತೈತಿ ಅಂತಾರ. ದೀಪಾವಳಿ ಮುಂದ ನೀವು ಏನೋ ತಪ್ಪ ಬರದಿದ್ರಂತ. ಎರಡ ದಿನ ತುಟಿ ಕಚಗೊಂಡ ನಿಂತ್ರು. ಮೂರನೇ ದಿನ ನೀವ ತಿದ್ದಿದ್ರಿ. ಅವತ್ತ ನನಗ ಪೇಡೆ ತಿನಸಿದ್ರು.”

ಆ ದಿನ ತನಗೂ ಒಂದು ಪೇಡೆ ಸಿಕ್ಕಿದ್ದು ಕಸ್ತೂರಿಗೆ ನೆನಪಾಯಿತು. ಹಬ್ಬದ್ದಿರಬೇಕು ಎಂದುಕೊಂಡು ತಿಂದಿದ್ದಳು.

ಹತ್ತಕ್ಕೆ ಗುರುಗಳು ಬಂದು ಬಾಗಿಲು ತೆರೆದರು.

ಕಸ್ತೂರಿ ಶಾಲು ಬಿಚ್ಚಿದಳು. ನೀರು ತಣ್ಣಗಾಗಿತ್ತು. ಬಾಟಲಿ ಎತ್ತಿ ಗುರುಗಳ ಕಡೆ ಚಾಚಿದಳು.

“ನೀವ ತಿರುಗಿಸ್ರಿ ಸರ್. ನನಗ ಹೆದರಿಕಿ.”

ಗುರುಗಳ ಕೈ ಅರ್ಧದವರೆಗೆ ಮುಂದೆ ಬಂತು. ಆಮೇಲೆ ಎರಡೂ ಕೈಗಳು ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು. ಅವಳು ಅದನ್ನು ಕಂಡಳು.

ಕಣ್ಣು ಮುಚ್ಚಿ ಬಾಟಲಿಯನ್ನು ತಲೆಕೆಳಗು ಮಾಡಿದಳು.

“ಕಣ್ಣ ತಗೀರಿ ಬೇಟಿ,” ಎಂದರು ಮಕ್ತುಂಸಾಬರು.

ತೆರೆದಳು. ಏನೂ ಬಿದ್ದಿರಲಿಲ್ಲ. ನೀರೆಲ್ಲ ಮೇಲೆಯೇ ನಿಂತಿತ್ತು, ಗಸಿಯಿಲ್ಲದೆ, ಮಂಜಿನಷ್ಟು ಮಸುಕಾಗಿ. ಮಕ್ತುಂಸಾಬರು ಕೆಳಗೆ ಬಗ್ಗಿ ಬಾಟಲಿಯ ಬಾಯಿಯೊಳಗೆ ಇಣುಕಿದರು. ಕಸ್ತೂರಿ ನಕ್ಕಳು, ಅತ್ತಳು, ಕೈ ನೋಯುವವರೆಗೂ ಹಾಗೇ ಹಿಡಿದು ನಿಂತಳು. ಚೀಲದಲ್ಲಿದ್ದ ಪತ್ರದ ನೆನಪು ಅವಳಿಗೆ ಸಂಜೆಯವರೆಗೂ ಬರಲಿಲ್ಲ.

ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು ಅವಳು ಗುರುಗಳ ಕಡೆ ತಿರುಗಿದಳು.

“ಮಕ್ತುಂಚಾಚಾ ಎಲ್ಲಾ ಹೇಳಿದ್ರು, ಸರ್. ಮೂರು ವರ್ಷ ಕೈ ಕಟಗೊಂಡ ಹ್ಯಾಂಗಿದ್ರಿ?”

ಗುರುಗಳು ಶಾಲು ಮಡಿಸುತ್ತಿದ್ದರು. ಅವಳ ಮೈಮೇಲಿನ ಸ್ವೆಟರ್ ನೋಡಿದರು, ಮಕ್ತುಂಸಾಬರದ್ದು ನೋಡಿದರು, ಗೂಟಕ್ಕೆ ನೇತುಹಾಕಿದ್ದ ಉಳಿದವನ್ನೂ ನೋಡಿದರು.

“ನಮ್ಮ ಮನ್ಯಾಕಿ ಇಷ್ಟೆಲ್ಲಾ ಹೆಣದಾಳಲ್ಲ,” ಎಂದರು. “ಅದರ ನೂಲ ಸುತ್ತಿಕೊಟ್ಟಾಂವ ಯಾರಂತ ತಿಳದಿ?”