ಕದಲದ ಪೂಜೆ

"ಸೋಗಲಗಿರಿಯ ಪ್ರಜೆಗಳೇ, ಕೇಳಿರಿ! ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ಅಮ್ಮಣ್ಣಿಯವರು ಒಪ್ಪಿದರೆ ಮದುವೆಯನ್ನೂ ಮಾಡಲಾಗುವುದು. ತಪ್ಪಿದವರಿಗೆ ತಲೆದಂಡ!"

ಡಂಗುರ ಕೇಳಿ ಮಂಡಕ್ಕಿ ಹುರಿಯುತ್ತಿದ್ದ ಹಾಲಪ್ಪ ಜರಡಿ ಕೆಳಗಿಟ್ಟ. ರಾಜಕುಮಾರಿ ಅವನಿಗೆ ಯಾಕೆ? ಅವನಿಗೆ ಬೇಕಾಗಿದ್ದು ಒಂದು ಕತೆಯ ಹೊತ್ತಿಗೆ. ಕಣ್ಣು ಕಾಣದ ಅವ್ವ ನಿಂಗವ್ವನಿಗೆ ಸಂಜೆ ಸಂಜೆ ಅದನ್ನು ಓದಿ ಹೇಳುತ್ತಿದ್ದ. ಅದರಲ್ಲೊಬ್ಬ ಅರಸ ಕುದುರೆಯಿಂದ ಜಾರಿ ತಿಪ್ಪೆಗುಂಡಿಗೆ ಬೀಳುತ್ತಾನೆ. ಕತೆ ಅಲ್ಲಿಗೆ ಬಂದಾಗಲೇ ಸರಸ್ವತಿ ಪೂಜೆ ಬಂತು.

ಪೂಜೆಗಿಟ್ಟ ಹೊತ್ತಿಗೆಯನ್ನು ಪೂಜೆ ಕದಲಿಸುವ ತನಕ ಯಾರೂ ಓದುವ ಹಾಗಿಲ್ಲ, ಇದು ನಿಮಗೂ ಗೊತ್ತು. ಅರಸ ಚಂಡವಿಕ್ರಮರಾಯ ಆ ತಿಪ್ಪೆಯ ಕತೆಯನ್ನು ಯಾರ ಬಾಯಲ್ಲೋ ಕೇಳಿ ಉರಿದುಹೋಗಿದ್ದ. ಊರಿನ ಹೊತ್ತಿಗೆಗಳನ್ನೆಲ್ಲ ಅರಮನೆಗೆ ತರಿಸಿ, ಕೈಮುಗಿದು, ಪೂಜೆಗಿಟ್ಟ. ಆಮೇಲೆ ಕದಲಿಸಲೇ ಇಲ್ಲ! ದಿನಾ ಹೂವು, ದಿನಾ ಮಂಗಳಾರತಿ, ಬಾಗಿಲಿಗೆ ದಪ್ಪ ಬೀಗ. ಹೊತ್ತಿಗೆ ಅನ್ನುವ ಮಾತೆತ್ತಿದರೂ ಶಿಕ್ಷೆ. ಎಂಥಾ ಖದೀಮ ನೋಡಿ.

"ಆ ಅರಸ ಇನ್ನೂ ಗುಂಡಿಯಲ್ಲೇ ಇದಾನಲ್ಲಪ್ಪಾ. ನಾನು ಕಣ್ಣು ಮುಚ್ಚೋದರೊಳಗೆ ಮೇಲೆ ಬರ್ತಾನೋ ಇಲ್ವೋ" ಅಂತ ನಿಂಗವ್ವ ದಿನಾ ಕೇಳುತ್ತಿದ್ದಳು. ಅವನು ಅರಮನೆಗೆ ಹೊರಟೇಬಿಟ್ಟ.

ತುಂಬಿದ ಸಭೆಯಲ್ಲಿ ರಾಜಕುಮಾರಿ ಮೊದಲ ಒಗಟು ಒಡ್ಡಿದಳು. "ಕಟ್ಟಿಟ್ಟರೆ ಮೂಕ, ಬಿಚ್ಚಿದರೆ ಮಾತು. ತನಗೆ ಉಸಿರಿಲ್ಲ, ಆದರೂ ಸತ್ತವರ ಮಾತನ್ನು ಆಡುತ್ತೆ. ಏನದು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಡುವವರು ಯಾರು? ನೆರೆನಾಡಿನ ರಾಜಕುಮಾರ ಬೆವರೊರೆಸಿಕೊಂಡು "ಗಿಳಿ" ಅಂದ. "ಗಿಳಿಗೆ ಉಸಿರಿದೆ" ಅಂದಳು ಅವಳು. ದಂಡನಾಯಕನ ಮಗ "ಮಹಾಪ್ರಭುಗಳ ಕೀರ್ತಿ" ಅಂದ. ಅರಸನಿಗೇನೋ ಖುಷಿಯಾಯಿತು, ರಾಜಕುಮಾರಿಗೆ ಆಗಲಿಲ್ಲ. ಇಬ್ಬರೂ ತಲೆದಂಡಕ್ಕೆ ಕಾಯುತ್ತ ಸೆರೆಮನೆ ಸೇರಿದರು.

ಈಗ ಹಾಲಪ್ಪ ಮುಂದೆ ಬಂದ. ಹೇಳಿದರೆ ಶಿಕ್ಷೆ, ಹೇಳದಿದ್ದರೆ ತಲೆ. ಹೇಗೂ ಹೋಗುವುದಾದರೆ ನಿಜ ಹೇಳಿಯೇ ಹೋಗೋಣ ಅಂದುಕೊಂಡ. "ಹೊತ್ತಿಗೆ, ಅಮ್ಮಣ್ಣಿ."

ಅರಸ ದಡಕ್ಕನೆ ಎದ್ದ. "ಸರಿಯುತ್ತರಕ್ಕೆ ಶಿಕ್ಷೆ ಕೊಟ್ಟರೆ ನಿಮ್ಮ ಡಂಗುರವೇ ಸುಳ್ಳಾಗುತ್ತೆ, ಅಪ್ಪಾಜಿ" ಅಂದಳು ಮಗಳು. ಅರಸ ಕೂತ.

"ಎರಡನೆಯದು. ಬೀಗ ಹಾಕಿದ ಕೋಣೆಯೊಳಗಿದೆ, ಆದರೂ ಊರೆಲ್ಲ ಓಡಾಡುತ್ತೆ. ಕೊಟ್ಟರೂ ಕೊಟ್ಟವರ ಹತ್ತಿರವೇ ಉಳಿಯುತ್ತೆ."

"ಕತೆ. ನಮ್ಮ ಅಂಗಡಿಗೆ ಬಂದೋರೆಲ್ಲ ತಿಪ್ಪೆಗುಂಡಿದೇ ಮಾತಾಡ್ತಾರೆ. ಬೀಗ ಬಿದ್ದ ಮೇಲೆ ಇನ್ನೂ ಜಾಸ್ತಿಯಾಗಿದೆ."

ಅರಸ ಮೀಸೆ ಕಚ್ಚಿಕೊಂಡ.

"ಕೊನೆಯದು. ಊರೆಲ್ಲ ಮಾಡಿದರೆ ಅರಸ ಹೆದರುತ್ತಾನೆ. ಅರಸನೂ ಜೊತೆಗೂಡಿ ಮಾಡಿದರೆ ಹೆದರಿಕೆಯೇ ಇಲ್ಲ."

ಹಾಲಪ್ಪನಿಗೆ ಏನೂ ಹೊಳೆಯಲಿಲ್ಲ. ದಂಗೆಯೇ? ಅರಸ ತನ್ನ ಮೇಲೆ ತಾನೇ ದಂಗೆ ಏಳುತ್ತಾನೆಯೇ? ಭಟ ಕತ್ತಿ ಹಿರಿದ. ತಾನಿಲ್ಲದಿದ್ದರೆ ಅವ್ವನಿಗೆ ಯಾರು ದಿಕ್ಕು ಅನ್ನಿಸಿ ಅವನಿಗೆ ಅಳುವೇ ಬಂತು. ಆಗ ನೆನಪಾಯಿತು. ಒಮ್ಮೆ ಸಂತೆಯಲ್ಲಿ ಅವ್ವ ಎಡವಿ ಹಿಟ್ಟಿನ ರಾಶಿಯ ಮೇಲೆ ಬಿದ್ದಿದ್ದಳು. ಮುಖವೆಲ್ಲ ಬೆಳ್ಳಗಾದದ್ದು ನೋಡಿ ಜನ ನಕ್ಕರು. ಹಾಲಪ್ಪ ಜಗಳಕ್ಕೆ ತೋಳೇರಿಸುವಷ್ಟರಲ್ಲಿ ಅವ್ವನೇ ನಗತೊಡಗಿದಳು, ನಕ್ಕವರೇ ಓಡಿಬಂದು ಎಬ್ಬಿಸಿದರು.

"ನಗು" ಅಂದ.

ಹೊನ್ನಾಜಮ್ಮಣ್ಣಿಗೆ ಹೋದ ಜೀವ ಬಂದಂತಾಯಿತು. "ಸರಿ. ಈ ಒಗಟು ತಿಪ್ಪೆಗುಂಡಿಯ ಕತೆಯ ಕೊನೆಯಲ್ಲಿದೆ, ಅಪ್ಪಾಜಿ. ನೀವು ಓದಲಿಲ್ಲ. ಹೂವೇರಿಸಲು ಹೋದಾಗ ನಾನು ಓದಿದೆ."

"ಕೊನೆಯಲ್ಲಿ ಏನಾಗುತ್ತೆ?" ಅಂತ ಅರಸ ಕೇಳಿಯೇಬಿಟ್ಟ.

ಹಾಲಪ್ಪ ಕೈಮುಗಿದ. "ಕೇಳಿದ್ದು ಕೊಡ್ತೀವಿ ಅಂದಿದೀರಿ ಬುದ್ಧಿ. ಸೆರೆಯಲ್ಲಿರೋರನ್ನ ಬಿಡಿ, ಪೂಜೆ ಕದಲಿಸಿ. ಎಲ್ಲರೂ ಓದ್ಕೊಳ್ಳಲಿ."

ಅರಸ ತಾನೇ ಹೋಗಿ ಬೀಗ ತೆಗೆದು, ಕಲಶವನ್ನು ಚೂರು ಜರುಗಿಸಿ ಪೂಜೆ ಕದಲಿಸಿದ. ಜನ ನುಗ್ಗಿ ತಂತಮ್ಮ ಹೊತ್ತಿಗೆಗಳನ್ನು ಎದೆಗವಚಿಕೊಂಡು ಮನೆಗೆ ಹೋದರು.

ಆ ಸಂಜೆ ಮಂಡಕ್ಕಿ ಅಂಗಡಿಯ ಜಗಲಿಯಲ್ಲಿ ಹಾಲಪ್ಪ ಓದಿದ. ಗುಂಡಿಯಲ್ಲಿದ್ದ ಅರಸ ತನ್ನ ಅವತಾರ ನೋಡಿಕೊಂಡು ತಾನೇ ನಗುತ್ತಾನೆ, ನಗುತ್ತಿದ್ದ ಜನರೇ ಕೈಕೊಟ್ಟು ಮೇಲೆತ್ತುತ್ತಾರೆ. ಕತೆ ಕೇಳಲು ಮಗಳೊಂದಿಗೆ ಬಂದು ಮಂಡಕ್ಕಿ ಮೆಲ್ಲುತ್ತಿದ್ದ ಚಂಡವಿಕ್ರಮರಾಯ ನಕ್ಕೂ ನಕ್ಕೂ ಕೆಮ್ಮತೊಡಗಿದ. ಪಕ್ಕದಲ್ಲಿ ಮಗಳಂತೂ ಹೊಟ್ಟೆ ಹಿಡಿದುಕೊಂಡಿದ್ದಳು.

"ಅಂತೂ ಮೇಲೆ ಬಂದನಲ್ಲ" ಅಂತ ನಿಂಗವ್ವ ಕಣ್ಣೊರೆಸಿಕೊಂಡಳು. ಆಮೇಲೆ ನಗು ಬಂದ ಕಡೆಗೆ ಕೈಚಾಚಿ, "ಯಾರವ್ವಾ ನೀನು, ಇಷ್ಟು ಚೆಂದ ನಗೋಳು? ಹೋಗಬೇಡ, ಕೂತ್ಕೋ. ನನ್ನ ಮಗ ಇನ್ನೊಂದು ಓದ್ತಾನೆ" ಅಂದಳು.

ಹೊನ್ನಾಜಮ್ಮಣ್ಣಿ ಹಾಲಪ್ಪನ ಮುಖ ನೋಡಿದಳು. ಆಮೇಲೆ ಆ ಮುದುಕಿಯ ಕೈ ಹಿಡಿದುಕೊಂಡು, ಅಲ್ಲೇ ಕೂತಳು.